ಟೆರೇಸ್ ಬಾರು, ಭಾನುವಾರ ಸಂಜೆ ಆರೂಕಾಲು: ಹದಿನಾಲ್ಕು ಜನರ ಲೆಕ್ಕ

ಮೈಸೂರಲ್ಲಿ ಗುಂಪಿಗೆ ಟೆರೇಸ್ ಬಾರ್ ಹುಡುಕೋ ಕೆಲಸ ಯಾರ ತಲೆಗೆ ಬಿದ್ದಿದೆಯೋ ಅವರಿಗೆ ಮಾತ್ರ ಇದು. ಶನಿವಾರ ರಾತ್ರಿ ಒಂಬತ್ತನ್ನ ಬಿಟ್ಟು ಭಾನುವಾರ ಸಂಜೆ ಆರೂಕಾಲಕ್ಕೆ ಬುಕ್ ಮಾಡೋಣ ಅಂದಾಗ ನಮ್ಮಲ್ಲಿ ಒಬ್ಬರೂ ಒಪ್ಪಲಿಲ್ಲ. "ಬೆಳಕಿರೋವಾಗ ಕೂತು ಕುಡಿಯೋಕೆ ನಾವೇನು ಪೆನ್ಶನ್ ತಗೊಂಡಿದೀವಾ?" ಅಂದರು. ಈಗ ನಾಲ್ಕು ಸಲ ಅದೇ ಹೊತ್ತಿಗೆ ಹೋಗಿ ಬಂದಾಯ್ತು. ಶನಿವಾರದ ಮಾತು ಮತ್ತೆ ಯಾರೂ ಎತ್ತಿಲ್ಲ.

ಕಾರಣ ಸರಳ. ಬಯಲಲ್ಲಿ ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಷೇಧ, 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ. ಟೆರೇಸ್ ಅಂದರೆ ಬಯಲೇ. ಹಾಗಾಗಿ ಒಂಬತ್ತರಿಂದ ಹತ್ತರವರೆಗೆ ಡಿಜೆ ಇದ್ದಬದ್ದ ಸೌಂಡನ್ನೆಲ್ಲ ಖಾಲಿ ಮಾಡ್ತಾನೆ, ನಿಮ್ಮ ಗುಂಪು ಸರಿಯಾಗಿ ಅದೇ ಗಂಟೆಯಲ್ಲಿ ಮಾತಾಡೋಕೆ ಕೂತಿರುತ್ತೆ. ಫೋನಿನ ಡೆಸಿಬಲ್ ಆಪ್ ಹಿಡಿದು ನೋಡಿದಾಗ ಸ್ಪೀಕರ್ ಪಕ್ಕದ ಟೇಬಲಲ್ಲಿ 90ರ ಮೇಲೆ, ಎರಡು ಕಂಬ ದಾಟಿದ ಮೂಲೆಯಲ್ಲಿ 75ರ ಆಸುಪಾಸು ತೋರಿಸ್ತು. 80 ದಾಟಿದರೆ ಎದುರು ಕೂತವರ ಮಾತು ತಲೆಯಾಡಿಸೋಕಷ್ಟೇ. ಸಂಜೆ ಏಳಕ್ಕೆ ಅದೇ ಜಾಗದಲ್ಲಿ 65.

ಇನ್ನು "ಪ್ಯಾಲೇಸ್ ವ್ಯೂ". ಅರಮನೆ ದೀಪ ಹತ್ತೋದು ಭಾನುವಾರ ಮತ್ತು ಸರ್ಕಾರಿ ರಜೆ ದಿನ ಏಳಕ್ಕೆ, ದಸರೆಯಲ್ಲಿ ದಿನಾ. ಲಕ್ಷದ ಹತ್ತಿರ ಬಲ್ಬು, ಆದರೆ ಮುಕ್ಕಾಲು ಗಂಟೆಯೊಳಗೆ ಆಟ ಮುಗೀತು. ಒಂಬತ್ತಕ್ಕೆ ಬಂದವರಿಗೆ ವ್ಯೂ ಅಂದರೆ ಕತ್ತಲೆ. ಎರಡನೇದು, ಅರಮನೆ ಮುಖ ಪೂರ್ವಕ್ಕೆ. ದೇವರಾಜ ಅರಸು ರಸ್ತೆ ಕಡೆ ಮಹಡಿಗಳಿಂದ ಕಾಣೋದು ಅದರ ಬೆನ್ನು, ಗುಮ್ಮಟ, ಮತ್ತೆ 145 ಅಡಿಯ ನಡುಗೋಪುರ. ಅದೂ ಸಾಕು, ಚೆನ್ನಾಗೇ ಇರುತ್ತೆ. ಆದರೆ ನಿಂತು ನೋಡಿ ಒಪ್ಪಿಕೊಳ್ಳಬೇಡಿ. ಕೊನೇ ಕುರ್ಚಿಯಲ್ಲಿ ಕೂತು ನೋಡಿ. ಪ್ಯಾರಾಪೆಟ್ ಗೋಡೆ ಮೂರೂವರೆ ಅಡಿ ಇದ್ದು ಸೋಫಾ ತಗ್ಗಾಗಿದ್ದರೆ ನಿಮ್ಮ ಕಣ್ಣಿಗೆ ಬರೀ ಸಿಮೆಂಟು. ಎರಡು ಸಲ ಮೋಸ ಹೋಗಿದ್ದು ಇಲ್ಲೇ. ಫೋಟೋ ಎಲ್ಲ ನಿಂತವರು ತೆಗೆದಿದ್ದು.

ಜಾಗ ನೋಡೋಕೆ ಹೋದರೆ ಅದೇ ವಾರ, ಅದೇ ಹೊತ್ತಿಗೆ ಹೋಗಬೇಕು. ಮಂಗಳವಾರ ಮಧ್ಯಾಹ್ನ ನೋಡಿ ಬಂದರೆ ಏನೂ ಗೊತ್ತಾಗಲ್ಲ. ಒಂದು ಬಿಯರು, ಒಂದು ಪ್ಲೇಟ್ ಕಡ್ಲೇಬೀಜ ಮಸಾಲ, ಇಬ್ಬರಿಗೆ ಐನೂರು ಖರ್ಚು, ಅಷ್ಟೇ. ಆ ಐನೂರನ್ನ ಗುಂಪಿನ ಲೆಕ್ಕಕ್ಕೆ ಹಾಕ್ತೀನಿ, ನಾಚಿಕೆಯಿಲ್ಲ. ಮೊದಲು ಮೇಲಕ್ಕೆ ಲಿಫ್ಟ್ ಹೋಗುತ್ತಾ ನೋಡಿ. ಎಷ್ಟೋ ಕಡೆ ಲಿಫ್ಟು ಒಂದು ಮಹಡಿ ಕೆಳಗೇ ನಿಲ್ಲುತ್ತೆ, ಟಾಯ್ಲೆಟ್ಟೂ ಅಲ್ಲೇ. ನಾಲ್ಕು ಪೆಗ್ ಆದಮೇಲೆ ಕಬ್ಬಿಣದ ಸುತ್ತು ಮೆಟ್ಟಿಲು ಇಳಿಯೋದು ತಮಾಷೆಯಲ್ಲ. ತಂದೂರ್ ಚಿಮಣಿ ಎಲ್ಲಿ ಬಾಯಿ ಬಿಟ್ಟಿದೆ ನೋಡಿ, ಟೆರೇಸಿಗೇ ಬಿಟ್ಟಿದ್ದರೆ ಗಾಳಿ ತಿರುಗಿದ ಕೂಡಲೇ ಅರ್ಧ ಟೇಬಲಿಗೆ ಹೊಗೆ.

ಗಾಳಿ ಅಂದಾಗ ನೆನಪಾಯ್ತು. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ ಪಶ್ಚಿಮದಿಂದ ಬೀಸುತ್ತೆ, ಟಿಶ್ಯೂ ಪೇಪರ್ ಅರಸು ರಸ್ತೆಗೆ ಹಾರಿ ಹೋಗುತ್ತೆ, ಕಬಾಬು ಐದು ನಿಮಿಷಕ್ಕೆ ತಣ್ಣಗೆ. ಆ ತಿಂಗಳುಗಳಲ್ಲಿ ಲಿಫ್ಟ್ ರೂಮಿನ ಪೂರ್ವ ಮಗ್ಗುಲಿನ ಟೇಬಲ್ ಕೇಳಿ, ಗೋಡೆಯೇ ಮರೆ. ಏಪ್ರಿಲ್-ಮೇ ಮತ್ತು ಸೆಪ್ಟೆಂಬರ್-ಅಕ್ಟೋಬರಲ್ಲಿ ಗುಡುಗುಮಳೆ ಸಂಜೆಗೇ ಬರೋದು. "ಮಳೆ ಬಂದ್ರೆ ಒಳಗೆ ಕೂರಿಸ್ತೀವಿ ಸಾರ್" ಅನ್ನೋ ಮಾತನ್ನ ನಂಬಿ ಹದಿನೇಳು ಜನ ಮೂರು ಟೇಬಲಿಗೆ ಹಂಚಿಹೋಗಿದ್ದುಂಟು, ಒಂದು ಟೇಬಲ್ಲಂತೂ ಟಿವಿ ಕೆಳಗೆ. ಈಗ ಕ್ಯಾಪ್ಟನ್‌ಗೆ (ವೇಟರುಗಳ ಮೇಲಿನವನಿಗೆ) ವಾಟ್ಸಾಪಲ್ಲಿ ಮೂರು ಸಾಲು ಬರೆದು ಕೇಳ್ತೀನಿ: ಇಷ್ಟು ಜನ, ಮೇಲೆ ಈ ಟೇಬಲ್, ಮಳೆ ಬಂದರೆ ಒಳಗೆ ಯಾವ ಟೇಬಲ್. "ಓಕೆ ಸಾರ್" ಅಂತ ಉತ್ತರ ಬರದೆ ಅಡ್ವಾನ್ಸ್ ಹಾಕಲ್ಲ. ಮಿನಿಮಮ್ ಬಿಲ್ ಕೇಳದ ಹಾಗೆ ಅವರ ಹತ್ತಿರ ಏನು ಮಾತಾಡ್ತೀನಿ ಅನ್ನೋದು ಮಾತ್ರ ನನ್ನಲ್ಲೇ ಇರಲಿ.

ಒಂದು ವಿಷಯದಲ್ಲಿ ಚೌಕಾಸಿ ಇಲ್ಲ: ಕೆಳಗಿಳಿಯೋಕೆ ಎರಡು ದಾರಿ ಇರಬೇಕು, ಲಿಫ್ಟ್ ಲೆಕ್ಕಕ್ಕಿಲ್ಲ. ಮುಂಬೈ ಕಮಲಾ ಮಿಲ್ಸ್‌ನಲ್ಲಿ 2017ರ ಡಿಸೆಂಬರ್ 29ರಂದು ಮಹಡಿ ಮೇಲೆ ಬೆಂಕಿ ಹತ್ತಿ 14 ಜನ ಸತ್ತರು, ಅವರಲ್ಲಿ ಎಷ್ಟೋ ಜನ ದಾರಿ ಸಿಗದೆ ಟಾಯ್ಲೆಟ್ ಒಳಗೆ ಸೇರಿಕೊಂಡು ಉಸಿರುಗಟ್ಟಿ ಹೋದವರು. 2023ರ ಅಕ್ಟೋಬರಲ್ಲಿ ಕೋರಮಂಗಲದಲ್ಲಿ ಮೇಲಿನ ಮಹಡಿಯ ಕೆಫೆಯಲ್ಲಿ ಸಿಲಿಂಡರ್ ಸಿಡಿದಾಗ ಒಬ್ಬರು ಕೆಳಕ್ಕೇ ಹಾರಿದ್ದರು. ಬಿದಿರು ತಡಿಕೆ, ಹುಲ್ಲು ಚಾವಣಿ, ಪಕ್ಕದಲ್ಲೇ ಗ್ಯಾಸ್ ಸಿಲಿಂಡರ್, ಎರಡನೇ ಮೆಟ್ಟಿಲಿಗೆ ಬಿಯರ್ ಕ್ರೇಟ್ ಅಡ್ಡ: ಇವಿಷ್ಟರಲ್ಲಿ ಎರಡು ಕಂಡರೂ ಎಷ್ಟೇ ಚೆಂದದ ಜಾಗವಾದರೂ ವಾಪಸ್.

ದುಡ್ಡಿಗೆ ಬರೋಣ, ಗುಂಪುಗಳು ಒಡೆಯೋದು ಇಲ್ಲೇ. ಬಿಲ್ಲನ್ನ ತಲೆಗೆ ಸಮ ಹಂಚಿದರೆ ಲೈಮ್ ಸೋಡ ಕುಡಿದವನು ಮುಂದಿನ ಸಲ "ಊರಲ್ಲಿಲ್ಲ" ಅಂತಾನೆ. ಎರಡು ಗಂಟು ಮಾಡಿ. ಕಳೆದ ಸಲ ಹದಿನಾಲ್ಕು ಜನ, ಕುಡಿಯೋರು ಒಂಬತ್ತು. ನೆನಪಿನ ಮೇಲೆ ಹೇಳ್ತೀನಿ: ಊಟ, ಸೈಡ್ಸು 6,400, ನೀರು, ಸೋಡ, ಜ್ಯೂಸು 900, ತೆರಿಗೆ ಮುನ್ನೂರು ಚಿಲ್ಲರೆ, ಟಿಪ್ಸ್ 600. ಇದು ಎಲ್ಲರ ಗಂಟು, ತಲೆಗೆ ಸುಮಾರು 590. ಬಿಯರ್ 650 ಎಂಎಲ್‌ದು ಹದಿನಾರು, ಲಾರ್ಜ್ (60 ಎಂಎಲ್ ಪೆಗ್) ಹದಿನಾಲ್ಕು, ಒಟ್ಟು ಏಳೂವರೆ ಸಾವಿರ. ಇದನ್ನ ಒಂಬತ್ತರಿಂದ ಭಾಗಿಸಿದರೆ 830. ಎರಡು ದಿನ ಮೊದಲೇ ಎಲ್ಲರಿಂದ 600, ಕುಡಿಯೋರಿಂದ ಇನ್ನೂ 900 ಯುಪಿಐನಲ್ಲಿ ಹಾಕಿಸಿಕೊಂಡಿದ್ದೆ. ಮಿಕ್ಕಿದ್ದು ಆಟೋಕ್ಕಾಯ್ತು. ಹಿಂದೆ ಶನಿವಾರ ಹೋಗಿದ್ದಾಗ ಒಬ್ಬರು ಕಮ್ಮಿಯಿದ್ದರೂ ಬಿಲ್ ಇಪ್ಪತ್ತಮೂರು ಸಾವಿರ ದಾಟಿತ್ತು, ಏಕೆಂದರೆ ಹ್ಯಾಪಿ ಅವರ್ಸ್, ಅಂದರೆ ರಿಯಾಯಿತಿ ಹೊತ್ತು, ಏಳೂವರೆಗೇ ಮುಗಿದಿರುತ್ತೆ, ಜೊತೆಗೆ ಒಳಗೆ ಬಂದಿದ್ದಕ್ಕೇ ಕಟ್ಟೋ ಕವರ್ ಚಾರ್ಜ್.

ಬಿಲ್ ಕೈಗೆ ಬಂದರೆ ಎರಡು ಸಾಲು ನೋಡಿ. ಮದ್ಯಕ್ಕೆ ಜಿಎಸ್‌ಟಿ ಅನ್ವಯಿಸಲ್ಲ, ಊಟಕ್ಕೆ ಮಾಮೂಲಿ ಶೇಕಡಾ 5. ಎರಡನ್ನೂ ಕೂಡಿಸಿ ಅದರ ಮೇಲೆ 5 ಹಾಕಿದ್ದರೆ ಬೇರೆ ಮಾಡಿಸಿ. ಸರ್ವಿಸ್ ಚಾರ್ಜ್ ತಾವಾಗೇ ಸೇರಿಸೋ ಹಾಗಿಲ್ಲ ಅಂತ ಕೇಂದ್ರ ಗ್ರಾಹಕ ಪ್ರಾಧಿಕಾರ 2022ರಲ್ಲೇ ಹೇಳಿದೆ. ಮೆಲ್ಲಗೆ ಕೇಳಿದರೆ ತೆಗೀತಾರೆ, ಕಿರುಚಿದರೆ ಮ್ಯಾನೇಜರ್ ಬರ್ತಾನೆ.

ಒಂದೆರಡು ಪ್ರಯೋಗವೂ ಆಯ್ತು. ಮೂರು ಲೀಟರಿನ ಬಿಯರ್ ಟವರ್ ನೋಡೋಕೆ ಚೆಂದ, ನಾಲ್ಕು ಜನಕ್ಕೆ ಮುಗಿಯೋಕೆ ಮುಕ್ಕಾಲು ಗಂಟೆ ಬೇಕು, ಅಷ್ಟರಲ್ಲಿ ಕೊನೇ ಲೀಟರ್ ಬೆಚ್ಚಗಾಗಿ ನೊರೆ ಸತ್ತಿರುತ್ತೆ. ಬಾಟಲಿಯೇ ವಾಸಿ, ಎರಡೆರಡೇ ತರಿಸಿ. ಫುಲ್ ಬಾಟಲ್ ಕೊಡೋ ಕಡೆ 750 ಎಂಎಲ್ ಅಂದರೆ ಹನ್ನೆರಡೂವರೆ ಲಾರ್ಜ್, ಪೆಗ್ ಲೆಕ್ಕಕ್ಕಿಂತ ನಾನೂರು ಐನೂರು ಉಳಿದಿದೆ. ಸೀಲ್ ಟೇಬಲ್ ಮುಂದೆಯೇ ಒಡೀಬೇಕು. ಸೊಳ್ಳೆಗೆ ಕಾಯಿಲ್ ಹಚ್ಚಿಸಿ ನೋಡಿದೆ, ವಾಸನೆಗೆ ಊಟ ಸೇರಲಿಲ್ಲ. ಟೇಬಲ್ ಫ್ಯಾನನ್ನ ಮೇಜಿನ ಕೆಳಗೆ, ಕಾಲ ಕಡೆ ತಿರುಗಿಸಿ ಇಡಿಸಿದರೆ ಒಂದೂ ಸುಳಿಯಲ್ಲ.

ಸ್ಟಾರ್ಟರ್ಸ್ ಕೂತ ಕೂಡಲೇ ಹೇಳಿ, ಆರು ಬಗೆ ಒಟ್ಟಿಗೆ ಬೇಡ. ಮೊದಲು ಕಬಾಬು, ಗೋಬಿ. ಇಪ್ಪತ್ತು ನಿಮಿಷ ಬಿಟ್ಟು ಪೆಪ್ಪರ್ ಡ್ರೈ. ಅಡುಗೆಮನೆ ಕೆಳಗಿದ್ದರೆ ಪ್ಲೇಟ್ ಮೇಲೆ ಬರೋಕೇ ಐದಾರು ನಿಮಿಷ ಸೇರಿಸಿ.

ವಾಪಸ್ ಹೋಗೋದನ್ನ ಮೊದಲೇ ಗೊತ್ತು ಮಾಡಿ. ರಕ್ತದಲ್ಲಿ 100 ಎಂಎಲ್‌ಗೆ 30 ಮಿಲಿಗ್ರಾಂ ದಾಟಿದರೆ ಮೊದಲ ಸಲಕ್ಕೇ ಹತ್ತು ಸಾವಿರ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಒಂದು ಬಿಯರ್‌ಗೇ ಆ ಗೆರೆ ದಾಟಬಹುದು. ಗಾಡಿ ತರಲೇಬೇಡಿ ಅಂತ ಹೇಳಿಬಿಡ್ತೀನಿ. ಮಂಡ್ಯದವರು ರೈಲಲ್ಲಿ ಬಂದು ಇಲ್ಲೇ ಉಳೀತಾರೆ, ನಲವತ್ತೈದು ಕಿಲೋಮೀಟರ್ ರಾತ್ರಿ ಬೈಕಲ್ಲಿ ಬೇಡ. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕು, ಆಟೋ ಬಿಡೋದೂ ಇಲ್ಲ. ಊರೊಳಗೆ ಆಟೋ ಹತ್ತು ದಾಟಿದರೆ ಒಂದೂವರೆ ಪಟ್ಟು. ಒಂಬತ್ತೂಕಾಲಕ್ಕೆ ಬಿಲ್ ಕೇಳಿದರೆ ಒಂಬತ್ತೂವರೆಗೆ ಕೈಗೆ ಬರುತ್ತೆ, ಮುಕ್ಕಾಲಿಗೆ ಎಲ್ಲ ಆಟೋದಲ್ಲಿ. ಮೆಟ್ಟಿಲಲ್ಲಿ ಎದುರಿಗೆ ಶನಿವಾರದವರ ಥರಾನೇ ಇನ್ನೊಂದು ಗುಂಪು ಹತ್ತಿ ಬರ್ತಿರುತ್ತೆ, ಅರಮನೆ ಯಾವ ಕಡೆ ಅಂತ ವೇಟರನ್ನ ಕೇಳ್ಕೊಂಡು.