ಇಂಗ್ಲೆಂಡಿನಲ್ಲಿ ಪೊಲೀಸರು ತಡೆದು ನಿಲ್ಲಿಸಿದರೆ: ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ

ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿಯಿಂದ ಓದಿಗೋ ಕೆಲಸಕ್ಕೋ ಇಂಗ್ಲೆಂಡಿಗೆ ಬರುವ ನಮ್ಮ ಮಕ್ಕಳಿಗೆ ಮೊದಲ ಮಾತು: ಪೊಲೀಸರ ಮುಂದೆ ಜೇಬಿಗೆ ಕೈ ಹಾಕಬೇಡಿ. ಊರಿನಲ್ಲಿ ಪಾಸ್‌ಪೋರ್ಟ್ ಪರಿಶೀಲನೆಗೆ ಬಂದವರಿಗೆ ‘ಕಾಫಿಗೆ ಇಟ್ಟುಕೊಳ್ಳಿ ಸಾರ್’ ಎನ್ನುವುದು ಕೆಲವರಿಗೆ ರೂಢಿಯಾಗಿಬಿಟ್ಟಿದೆ. ಇಲ್ಲಿ 2010ರ ಲಂಚ ಕಾಯ್ದೆಯ ಪ್ರಕಾರ ಕೊಡುತ್ತೇನೆ ಎಂದರೂ ಅಪರಾಧವೇ. ಗರಿಷ್ಠ ಶಿಕ್ಷೆ 10 ವರ್ಷ ಜೈಲು. ಅಧಿಕಾರವನ್ನು ಭ್ರಷ್ಟವಾಗಿ ಬಳಸಿದ ಪೊಲೀಸ್ ಅಧಿಕಾರಿಗೆ 2015ರ ಕಾನೂನಿನಡಿ 14 ವರ್ಷದವರೆಗೆ ಶಿಕ್ಷೆಯಾಗಬಹುದು.

ನಮ್ಮವರು ಎಡವುವುದು ದುರಾಸೆಯಿಂದಲ್ಲ, ಗಾಬರಿಯಿಂದ. ಕಾರು ನಿಲ್ಲಿಸುತ್ತಾರೆ, ಲೈಸೆನ್ಸ್ ಮನೆಯಲ್ಲಿರುತ್ತದೆ, ಕೈಕಾಲು ನಡುಗುತ್ತದೆ. ಲೈಸೆನ್ಸ್ ಸದಾ ಜೊತೆಯಲ್ಲಿರಲೇಬೇಕು ಎಂಬ ಕಟ್ಟಳೆ ಇಲ್ಲಿಲ್ಲ. ಅಧಿಕಾರಿ ಒಂದು ಚೀಟಿ ಬರೆದುಕೊಡಬಹುದು. 7 ದಿನದೊಳಗೆ ದಾಖಲೆಗಳನ್ನು ಠಾಣೆಯಲ್ಲಿ ತೋರಿಸಿದರಾಯಿತು. ದಂಡ ಬಿದ್ದರೆ, ಇಲ್ಲಿನ ಖಾಯಂ ವಿಳಾಸವಿರುವವರು ನೋಟಿಸಿನಲ್ಲಿ ಹೇಳಿದ ಹಾಗೆ ಆಮೇಲೆ ಕಟ್ಟುತ್ತಾರೆ, ರಸ್ತೆಬದಿಯಲ್ಲಿ ನಗದು ಎಣಿಸುವುದಿಲ್ಲ. ಊರಿನಿಂದ ಅಪ್ಪ ಫೋನಿನಲ್ಲಿ ‘ಯಾರಿಂದಾದರೂ ಹೇಳಿಸೋಣವೇ’ ಎಂದರೆ, ಬೇಡ ಎನ್ನಿ.

ಹಾಗೆಂದು ಇಲ್ಲಿನ ಪೊಲೀಸರೆಲ್ಲ ಸಾಚಾ ಎಂದು ಯಾರೂ ಭಾವಿಸಬಾರದು. ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್ ಪಡೆಯಲ್ಲಿ ವರ್ಣಭೇದವೂ ಸ್ತ್ರೀದ್ವೇಷವೂ ಸಾಂಸ್ಥಿಕವಾಗಿ ಬೇರೂರಿವೆ ಎಂದು 2023ರಲ್ಲಿ, ಆ ಪಡೆಯ ಸ್ವತಂತ್ರ ಪರಿಶೀಲನೆ ನಡೆಸಿದ ಲೂಯಿಸ್ ಕೇಸಿ ಅವರ ವರದಿಯೇ ಹೇಳಿತು. ಆದ್ದರಿಂದ ನಿಮ್ಮ ಹಕ್ಕು ನಿಮಗೆ ಬಾಯಿಪಾಠವಿರಲಿ. ಬೀದಿಯಲ್ಲಿ ತಪಾಸಣೆ ಮಾಡುವ ಮೊದಲು ಅಧಿಕಾರಿಯು ತನ್ನ ಹೆಸರು, ಠಾಣೆ, ಯಾವ ಕಾನೂನಿನಡಿ ತಪಾಸಣೆ, ಏನನ್ನು ಹುಡುಕುತ್ತಿರುವುದು, ಏಕೆ ಎಂಬುದನ್ನೆಲ್ಲ ಹೇಳಬೇಕು. ತಪಾಸಣೆಯ ದಾಖಲೆಯ ಪ್ರತಿಯನ್ನು 3 ತಿಂಗಳೊಳಗೆ ಕೇಳಿ ಪಡೆಯಬಹುದು. ಅಧಿಕಾರಿಯ ಭುಜದ ಮೇಲಿನ ಸಂಖ್ಯೆಯನ್ನು ಆಗಲೇ ಬರೆದಿಟ್ಟುಕೊಳ್ಳಿ.

ಅನ್ಯಾಯವಾಗಿದ್ದರೆ ದೂರು ಕೊಡಿ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಬ್ರಿಟಿಷ್ ಪೌರತ್ವವೂ ಬೇಕಿಲ್ಲ. ನಮ್ಮ ವಿದ್ಯಾರ್ಥಿಗಳು ‘ನಮಗೇಕೆ ಇಲ್ಲದ ಉಸಾಬರಿ’ ಎಂದು ಸುಮ್ಮನಾಗುವುದನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಪ್ರತಿಯೊಂದು ಪಡೆಯಲ್ಲೂ ವೃತ್ತಿಪರ ನಡವಳಿಕೆ ವಿಭಾಗವಿದೆ. ಮೊದಲು ದೂರು ನೋಡುವುದು ಸಾಮಾನ್ಯವಾಗಿ ಅವರೇ. ಪೊಲೀಸರ ಮೇಲಿನ ದೂರುಗಳ ವ್ಯವಸ್ಥೆಯ ಮೇಲೆ ಕಣ್ಣಿಡುವ, 2018ರಿಂದ ಇರುವ ಐಒಪಿಸಿ ಎಂಬ ಸ್ವತಂತ್ರ ಸಂಸ್ಥೆಯ ಜಾಲತಾಣದಲ್ಲಿ ಬರೆದರೂ ಅದು ಬಹುಮಟ್ಟಿಗೆ ಅದೇ ಪಡೆಗೆ ಹೋಗುತ್ತದೆ. ಇದನ್ನು ಕಂಡು ನಿರಾಶರಾಗಬೇಡಿ. ಗಂಭೀರ ಭ್ರಷ್ಟಾಚಾರದ ಆರೋಪವನ್ನು ಪಡೆ ಆ ಸಂಸ್ಥೆಗೆ ಒಪ್ಪಿಸಲೇಬೇಕು. ದೂರಿನಲ್ಲಿ ದಿನಾಂಕ, ಸಮಯ, ಸ್ಥಳ ಇರಲಿ. ಅಧಿಕಾರಿಯ ಎದೆಯ ಮೇಲಿನ ಕ್ಯಾಮೆರಾದ ದೃಶ್ಯವನ್ನು ಅಳಿಸದೆ ಉಳಿಸಬೇಕೆಂದು ತಡಮಾಡದೆ ಕೇಳಿ. ಉತ್ತರ ತೃಪ್ತಿಕರವಲ್ಲದಿದ್ದರೆ 28 ದಿನದೊಳಗೆ ಮರುಪರಿಶೀಲನೆ ಕೋರಬಹುದು. ಯಾರನ್ನು ಕೋರಬೇಕೆಂಬುದು ಆ ಪತ್ರದಲ್ಲೇ ಇರುತ್ತದೆ.

ತಪಾಸಣೆ ಮತ್ತು ದೂರಿನ ಬಗ್ಗೆ ಹೇಳಿದ್ದು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಮಾತ್ರ. ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡಿನಲ್ಲಿ ದೂರಿನ ಸಂಸ್ಥೆಗಳೇ ಬೇರೆ.