ಗಾಳಿಮಳೆಗೆ ಕರೆಂಟ್ ಹೋದಾಗ ನೆರೆಹೊರೆಯವರು ಮಾಡಬೇಕಾದ್ದು: ಕಂಬ ಹತ್ತಿದವನ ಮಾತು

ಹೊಸನಗರ ತಾಲ್ಲೂಕಿನ ಹಳ್ಳಿಗಳಲ್ಲಿ ಮೂವತ್ತೊಂದು ವರ್ಷ ಲೈನ್‌ಮನ್ ಆಗಿದ್ದೆ. ಈಗ ನಿವೃತ್ತಿಯಾಗಿ ತೋಟ ನೋಡಿಕೊಂಡಿದ್ದೇನೆ. ಆದರೂ ರಾತ್ರಿ ಗಾಳಿ ಎದ್ದು ಗುಡ್ಡದ ಮೇಲಿನ ಅಕೇಶಿಯಾ ಮರ ಲಟಕ್ಕೆಂದರೆ ಎದ್ದು ಕೂತುಬಿಡುತ್ತೇನೆ. ಯಾವ ಲೈನಿನ ಮೇಲೆ ಬಿತ್ತೋ, ಯಾರು ಈಗ ಮಳೆಯಲ್ಲಿ ಹೊರಡಬೇಕೋ ಎಂಬ ಯೋಚನೆ.

ಅರಬ್ಬಿ ಸಮುದ್ರದಲ್ಲಿ ಎದ್ದ ಚಂಡಮಾರುತದ ಪೆಟ್ಟು ಘಟ್ಟದ ಮೇಲಿನ ನಮಗೂ ತಪ್ಪಿದ್ದಲ್ಲ. 2021ರ ಮೇ ತಿಂಗಳ ನಡುವೆ ತೌಕ್ತೆ ಬಂದಾಗ ನಮ್ಮ ಐದು ಮನೆಗಳಿಗೆ ಆರು ದಿನ ಕರೆಂಟ್ ಇರಲಿಲ್ಲ. ಕೊರೋನಾದ ಲಾಕ್‌ಡೌನ್ ಬೇರೆ, ಪೇಟೆಗೆ ಹೋಗುವ ಹಾಗೂ ಇಲ್ಲ. ಐದು ಮನೆ ಎಂದರೆ ಒಂದು ಗುಡ್ಡದ ಮೇಲೆ, ಒಂದು ಹಳ್ಳದ ಆಚೆ, ಎಲ್ಲ ಕೂಗಳತೆಯಲ್ಲಿ. ಆ ಆರು ದಿನ ಕಲಿತದ್ದನ್ನೂ ಕಂಬದ ಮೇಲೆ ಕಲಿತದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲ ಕೆಲಸ ಮುಂಗಾರಿಗೆ ಮುಂಚೆಯೇ ಆಗಬೇಕು. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಎಲ್ಲ ಮನೆಗಳ ವಿವರ ಬರೆದಿಡಿ. ಯಾರ ಮನೆಯಲ್ಲಿ ಇನ್ಸುಲಿನ್ ಇದೆ, ಯಾರಿಗೆ ನೆಬ್ಯುಲೈಸರ್ (ಉಸಿರಾಟಕ್ಕೆ ಔಷಧದ ಹಬೆ ಕೊಡುವ ಮೆಷಿನ್) ಬೇಕು, ಎಲ್ಲಿ ಬಾಣಂತಿ ಇದ್ದಾಳೆ, ಎಲ್ಲಿ ವಯಸ್ಸಾದವರು ಒಬ್ಬರೇ ಇದ್ದಾರೆ. ಪಕ್ಕದಲ್ಲೇ ಯಾರ ಮನೆಯಲ್ಲಿ ಇನ್ವರ್ಟರ್, ಗೋಬರ್ ಗ್ಯಾಸ್, ಮರ ಕೊಯ್ಯುವ ಮೆಷಿನ್ ಇದೆ, ಯಾವ ಬಾವಿಗೆ ಈಗಲೂ ರಾಟೆ ಹಗ್ಗ ಇದೆ ಎನ್ನುವುದು. ಕೆಳಗೆ ನಿಮ್ಮ ಟಿಸಿಯ, ಅಂದರೆ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರಿನ, ನಂಬರು ಮತ್ತು ಕರೆಂಟ್ ಕಂಪನಿಯ ಸೆಕ್ಷನ್ ಆಫೀಸಿನ ಫೋನ್ ನಂಬರು. ಟಿಸಿ ನಂಬರನ್ನು ಅದರ ಮೇಲೇ ಪೇಂಟಿನಲ್ಲಿ ಬರೆದಿರುತ್ತಾರೆ, ಬಳ್ಳಿ ಮುಚ್ಚಿದ್ದರೆ ದೂರದಿಂದಲೇ ಓದಿ. ಬಳ್ಳಿ ಕೀಳಲು ಹೋಗಬೇಡಿ, ಅದು ನಮ್ಮವರ ಕೆಲಸ.

ಕರೆಂಟ್ ಹೋದ ಮೇಲೆ ಫೋನ್ ಮಾಡಲು ಒಬ್ಬರನ್ನು ನೇಮಿಸಿ. ಐದು ಮನೆಯವರೂ ಫೋನ್ ಮಾಡಿ 'ಕರೆಂಟಿಲ್ಲ' ಎಂದರೆ ಅಲ್ಲಿ ಕೂತವನಿಗೆ ಏನೂ ತಿಳಿಯುವುದಿಲ್ಲ. 'ಇಂಥ ಟಿಸಿಯಿಂದ ಮೂರನೇ ಕಂಬ ಮುರಿದಿದೆ, ತಂತಿ ಗದ್ದೆಗೆ ಬಿದ್ದಿದೆ, ಜೀಪು ಹಳ್ಳದವರೆಗೆ ಬರುತ್ತದೆ' ಎಂದು ಹೇಳಿದರೆ ಲೈನ್‌ಮನ್ ಸಾಮಾನು ಹೊಂದಿಸಿಕೊಂಡೇ ಹೊರಡುತ್ತಾನೆ. ಸೆಕ್ಷನ್ ಆಫೀಸಿನ ಫೋನ್ ಎತ್ತದಿದ್ದರೆ ಕರೆಂಟ್ ದೂರಿನ ಸಹಾಯವಾಣಿ 1912ಕ್ಕೆ ಮಾಡಿ. ತಡ ಮಾಡಬೇಡಿ, ಮೊಬೈಲ್ ಟವರಿನ ಬ್ಯಾಟರಿ ಮುಗಿದರೆ ನೆಟ್‌ವರ್ಕೂ ಹೋಗುತ್ತದೆ. ಪಕ್ಕದ ಊರಿಗೆ ಕರೆಂಟ್ ಬಂದು ನಿಮಗೆ ಬರಲಿಲ್ಲ ಎಂದು ಬೇಸರವಾಗುತ್ತದೆ, ನನಗೂ ಗೊತ್ತು. ಕೆಲಸ ಸಬ್‌ಸ್ಟೇಷನ್ನಿನಿಂದ ಶುರುವಾಗಿ ಹನ್ನೊಂದು ಕೆವಿ ಲೈನು, ಟಿಸಿ, ಆಮೇಲೆ ಮನೆ ಲೈನು, ಹೀಗೇ ಬರಬೇಕು. ಮೇಲಿನದು ಸರಿಯಾಗದೆ ಕೆಳಗಿನದನ್ನು ಮುಟ್ಟಿ ಪ್ರಯೋಜನವಿಲ್ಲ.

ಬಿದ್ದ ತಂತಿಯ ವಿಷಯಕ್ಕೆ ಬರುತ್ತೇನೆ. ಊರಿಗೆಲ್ಲ ಕರೆಂಟ್ ಇಲ್ಲದಿದ್ದರೂ ಬಿದ್ದ ತಂತಿಯಲ್ಲಿ ಇರಬಹುದು, ಇಲ್ಲದಿದ್ದರೆ ಯಾವ ಗಳಿಗೆಯಲ್ಲಾದರೂ ಬರಬಹುದು. ಹತ್ತು ಮೀಟರಿನೊಳಗೆ ಯಾರೂ ಹೋಗಕೂಡದು. ಒದ್ದೆ ನೆಲದಲ್ಲಿ ಒಂದು ಕಾಲಿಗೂ ಇನ್ನೊಂದು ಕಾಲಿಗೂ ನಡುವೆಯೇ ಶಾಕ್ ಹರಿಯುತ್ತದೆ. ಗೊತ್ತಿಲ್ಲದೆ ಹತ್ತಿರ ಹೋಗಿದ್ದರೆ ಕಾಲು ಎತ್ತದೆ, ಪಾದ ಪಾದ ಜೋಡಿಸಿ ಸರಿಸುತ್ತಾ ಹಿಂದೆ ಬನ್ನಿ. ದೋಟಿಯಿಂದ, ಬಿದಿರಿನ ಗಳದಿಂದ ತಂತಿ ಸರಿಸುವವರನ್ನು ನೋಡಿದ್ದೇನೆ. ಮಳೆಯಲ್ಲಿ ನೆನೆದ ಬಿದಿರು ಕಬ್ಬಿಣದಷ್ಟೇ ಅಪಾಯ. ತೋಟದ ಮುಳ್ಳುತಂತಿ ಬೇಲಿಯ ಮೇಲೆ ಲೈನು ಬಿದ್ದಿದ್ದರಂತೂ ಕರೆಂಟು ಬೇಲಿಗುಂಟ ಎರಡು ತೋಟದಾಚೆಗೂ ಹೋಗಬಲ್ಲದು. ಹಾಗಾಗಿ ಬೆಳಗ್ಗೆ ದನ ಹೊರಗೆ ಬಿಡುವ ಮುಂಚೆ ಬೇಲಿಯುದ್ದಕ್ಕೂ ಕಣ್ಣಲ್ಲೇ ನೋಡಿ ಬನ್ನಿ, ಬಟ್ಟೆ ಒಣಗಿಸುವ ತಂತಿಯನ್ನೂ ಮುಟ್ಟಬೇಡಿ. ಒಬ್ಬರು ಕಾವಲಿಗೆ ನಿಂತು ದಾರಿಗೆ ಅಡ್ಡ ಸೊಪ್ಪಿನ ಕೊಂಬೆ ಇಟ್ಟರೆ ಶಾಲೆಗೆ ಹೋಗುವ ಮಕ್ಕಳಿಗೂ ತಿಳಿಯುತ್ತದೆ.

ಮರ ಕಡಿಯುವುದಕ್ಕೂ ಲೆಕ್ಕವಿದೆ. ರಸ್ತೆಗೆ ಬಿದ್ದ ಮರವನ್ನು ಎಲ್ಲ ಸೇರಿ ತೆಗೆಯಿರಿ, ಅದರಿಂದ ನಮಗೆ ಅರ್ಧ ದಿನ ಉಳಿಯುತ್ತದೆ. ಆದರೆ ತಂತಿಗೆ ತಾಗಿದ ಮರಕ್ಕೆ ಕತ್ತಿ ಹಾಕಬೇಡಿ. ಮರದ ಭಾರಕ್ಕೆ ಜಗ್ಗಿಕೊಂಡಿರುವ ತಂತಿ, ಮರ ಕಡಿದ ಕೂಡಲೇ ಬಿಲ್ಲಿನ ಹೆದೆಯಂತೆ ಮೇಲಕ್ಕೆ ಚಿಮ್ಮುತ್ತದೆ. ಪಕ್ಕದ ಕಂಬವೂ ಬುಡಮೇಲಾಗಬಹುದು.

ಇನ್ನು ಜನರೇಟರು. ಇದನ್ನು ಓದುವವರಲ್ಲಿ ಒಬ್ಬರಾದರೂ ಬದಲಾದರೆ ನನಗೆ ಸಾಕು. ಒಮ್ಮೆ ಪುಷ್ಯ ಮಳೆಯಲ್ಲಿ, ಸಂಜೆ ಆರೂವರೆ ಹೊತ್ತಿಗೆ, ಲೈನ್ ಕ್ಲಿಯರ್ (ಲೈನು ಬಂದ್ ಆಗಿದೆ, ಕೆಲಸ ಮಾಡಬಹುದು ಎಂಬ ಅನುಮತಿ) ತೆಗೆದುಕೊಂಡು ಟಿಸಿ ಕಂಬ ಹತ್ತಿದ್ದೆ. ಸಬ್‌ಸ್ಟೇಷನ್ನಿನಲ್ಲಿ ಲೈನು ಬಂದ್, ಸ್ವಿಚ್ಚೂ ತೆಗೆದಾಗಿದೆ. ಕೈ ಹಾಕುವ ಮುಂಚೆ ಪದ್ಧತಿಯಂತೆ, ತಂತಿಯಲ್ಲಿ ಕರೆಂಟ್ ಇದ್ದರೆ ನೆಲಕ್ಕೆ ಇಳಿಸುವ ಅರ್ಥಿಂಗ್ ರಾಡ್ ತಾಗಿಸಿದೆ. ಚಟ್ ಎಂದು ನೀಲಿ ಕಿಡಿ ಹಾರಿತು. ಅದೇ ಕ್ಷಣಕ್ಕೆ ಕೆಳಗಿನ ಕಣಿವೆಯಲ್ಲಿ ಉರಿಯುತ್ತಿದ್ದ ಒಂದೇ ಒಂದು ಮನೆಯ ದೀಪ ಆರಿಹೋಯಿತು. ಆ ಮನೆಯವರು ಎರಡೂ ಕಡೆ ಪಿನ್ ಇರುವ ವೈರಿನಿಂದ ಜನರೇಟರನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿದ್ದರು. ಮೇನ್ ಸ್ವಿಚ್ ಆಫ್ ಮಾಡಿರಲಿಲ್ಲ. ಮನೆಯ 230 ವೋಲ್ಟು ಸರ್ವಿಸ್ ವೈರಿನಲ್ಲಿ ಹಿಂದಕ್ಕೆ ಹರಿದು, ಟಿಸಿಯಲ್ಲಿ ತಿರುವುಮುರುವಾಗಿ ಸಾವಿರಾರು ವೋಲ್ಟಾಗಿ ನಾನು ನಿಂತ ಕಂಬಕ್ಕೆ ಬಂದಿತ್ತು. ಕತ್ತಲಾಗುತ್ತಿದೆ, ಮಳೆ ಬರುತ್ತಿದೆ ಎಂದು ರಾಡ್ ಹಾಕದೆ ಅವಸರ ಮಾಡಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಕೆಳಗಿಳಿದು ಆ ಮನೆಗೆ ಹೋದೆ. ಅಲ್ಲಿನ ಅಮ್ಮ 'ಅಯ್ಯೋ ಮಾರಾಯ, ಮಗುವಿಗೆ ಕತ್ತಲೆಂದರೆ ಹೆದರಿಕೆ ಅಂತ ಹಾಕಿದ್ವಿ' ಎಂದು ಕಣ್ಣೀರು ಹಾಕಿದರು. ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಆದ್ದರಿಂದ ಜನರೇಟರ್ ಇರುವವರು ಚೇಂಜ್‌ಓವರ್ ಸ್ವಿಚ್ (ಮನೆಗೆ ಲೈನು ಇಲ್ಲವೇ ಜನರೇಟರು, ಎರಡರಲ್ಲಿ ಒಂದನ್ನೇ ಸೇರಿಸುವ ಸ್ವಿಚ್) ಹಾಕಿಸಿಕೊಳ್ಳಿ. ಹಾಕಿಸಿಲ್ಲದಿದ್ದರೆ ಪ್ಲಗ್ಗಿಗೆ ಚುಚ್ಚದೆ, ಜನರೇಟರಿನಿಂದಲೇ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು ಅದಕ್ಕೆ ಬಲ್ಬು, ಮೊಬೈಲು ಹಾಕಿ. ಪಕ್ಕದ ಮನೆಯವರು ಹಾಗೆ ಚುಚ್ಚುತ್ತಿದ್ದರೆ ಸಂಕೋಚಪಡದೆ ಹೋಗಿ ಹೇಳಿ. ಅದರ ಹೊಗೆಯೂ ವಿಷವೇ. ಜಗಲಿಯಲ್ಲಿ, ಕೊಟ್ಟಿಗೆಯಲ್ಲಿ, ಕಿಟಕಿ ಬುಡದಲ್ಲಿ ಇಡಬೇಡಿ, ಅಂಗಳದಾಚೆ ಬೇರೆ ಮಾಡು ಹಾಕಿ ಇಡಿ. ಬಾಗಿಲು ಹಾಕಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗುವುದೂ ಬೇಡ.

ಇನ್ವರ್ಟರ್ ಇರುವ ಮನೆ ಆ ದಿನಗಳಲ್ಲಿ ಎಲ್ಲರ ಮನೆ. 150 ಎಎಚ್ (ಆಂಪಿಯರ್-ಅವರ್), 12 ವೋಲ್ಟಿನ ಬ್ಯಾಟರಿ ಕಾಗದದ ಮೇಲೆ 1800 ವ್ಯಾಟ್-ಅವರ್, ಅದರಲ್ಲಿ ಅರ್ಧ ಎಂದು ಲೆಕ್ಕ ಹಿಡಿಯಿರಿ, ಬ್ಯಾಟರಿಗೂ ಒಳ್ಳೆಯದು. 9 ವ್ಯಾಟಿನ ನಾಲ್ಕು ಬಲ್ಬು ರಾತ್ರಿ ಮೂರು ಗಂಟೆ ಉರಿದರೆ 108. ಹತ್ತು ಮೊಬೈಲಿಗೆ ಸುಮಾರು 150. ಹೀಗೆ ಬಳಸಿದರೆ ಒಳ್ಳೆಯ ಬ್ಯಾಟರಿ ಎರಡೂವರೆ, ಮೂರು ದಿನ ಬರುತ್ತದೆ. ಒಂದು ಫ್ಯಾನು ರಾತ್ರಿಯಿಡೀ ತಿರುಗಿದರೆ ಅದೊಂದೇ 600 ತಿನ್ನುತ್ತದೆ. ತೌಕ್ತೆಯ ವಾರದಲ್ಲಿ ಕೆಳಗಿನಮನೆ ಅಕ್ಕ ಸಂಜೆ ಆರರಿಂದ ಏಳರವರೆಗೆ ಮಾತ್ರ ಚಾರ್ಜಿಂಗ್ ಎಂದು ಹೊತ್ತು ಗೊತ್ತು ಮಾಡಿದರು, ಉಳಿದ ಹೊತ್ತು ಇನ್ವರ್ಟರನ್ನೇ ಆಫ್ ಮಾಡಿದರು. ಪ್ರತಿ ಮೊಬೈಲಿಗೂ ಬಟ್ಟೆಯ ಬಣ್ಣದ ದಾರ ಕಟ್ಟಿ ಯಾರದೆಂದು ಗುರುತು. ಹಳ್ಳದಾಚೆಯ ಮಗುವಿನ ನೆಬ್ಯುಲೈಸರಿಗೆ ಮಾತ್ರ ಹೊತ್ತಿಲ್ಲ, ನಡುರಾತ್ರಿ ಬಂದರೂ ಬಾಗಿಲು ತೆಗೆಯುವುದು. ಸಿಗ್ನಲ್ ಇಲ್ಲದ ಮೊಬೈಲು ಟವರ್ ಹುಡುಕಿ ಹುಡುಕಿ ಚಾರ್ಜು ಕಳೆದುಕೊಳ್ಳುತ್ತದೆ. ಫ್ಲೈಟ್ ಮೋಡಿನಲ್ಲಿಟ್ಟು ದಿನಕ್ಕೆರಡು ಸಲ ದರೆಯ ಮೇಲೆ ಹೋಗಿ ನೋಡಿದರೆ ಸಾಕು.

ಮೇಲಿನಮನೆ ಅಜ್ಜಿಯ ಇನ್ಸುಲಿನ್ ನಮಗೆಲ್ಲ ದೊಡ್ಡ ಚಿಂತೆಯಾಗಿತ್ತು. ಆರೋಗ್ಯ ಕೇಂದ್ರದ ನರ್ಸಮ್ಮನಿಗೆ ಫೋನ್ ಸಿಕ್ಕಿದ್ದು ಪುಣ್ಯ. ಬಳಸಲು ತೆರೆದ ಬಾಟ್ಲಿ 30 ಡಿಗ್ರಿ ಮೀರದ ಜಾಗದಲ್ಲಿ ಸಾಮಾನ್ಯವಾಗಿ 28 ದಿನ ಕೆಡುವುದಿಲ್ಲ, ತೆರೆಯದ್ದಕ್ಕೆ ಮಾತ್ರ 2ರಿಂದ 8 ಡಿಗ್ರಿ ಬೇಕು ಎಂದರು. ನಿಮ್ಮ ಔಷಧದ ಚೀಟಿಯಲ್ಲೂ ಬರೆದಿರುತ್ತದೆ, ಈಗಲೇ ಓದಿಡಿ. ಮಳೆ ಹಿಡಿದ ನಮ್ಮ ಮಣ್ಣಿನ ಗೋಡೆಯ ಮನೆಯೊಳಗೆ ಅಷ್ಟು ಸೆಕೆ ಇರುವುದಿಲ್ಲ. ಅಜ್ಜಿ ಬಾಟ್ಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಸ್ಟೀಲ್ ಡಬ್ಬಿಗೆ ಹಾಕಿ, ಒದ್ದೆ ಬಟ್ಟೆ ಸುತ್ತಿದ ಮಡಕೆಯೊಳಗಿಟ್ಟರು. ಫ್ರಿಜ್ಜಿನಲ್ಲಿದ್ದ ಹೊಸ ಬಾಟ್ಲಿಗಳನ್ನು ಮೊದಲ ದಿನವೇ ಪೇಟೆಯ ಮೆಡಿಕಲ್ ಶಾಪಿನ ಫ್ರಿಜ್ಜಿಗೆ ಕಳಿಸಿದೆವು, ಹಾಲಿನ ವ್ಯಾನಿನವನ ಕೈಲಿ. ಐಸಿಗೆ ನೇರ ತಾಗಿಸಬಾರದು, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ನೀರಿಗೆ ರಾಟೆಯ ಬಾವಿ ಅಥವಾ ಗುಡ್ಡದಿಂದ ಪೈಪಿನಲ್ಲಿ ಇಳಿಯುವ ಅಬ್ಬಿ ನೀರು. ಯಾವುದಾದರೂ ಕುದಿಸಿಯೇ ಕುಡಿಯಿರಿ. ಒಬ್ಬರೇ ಇರುವ ವಯಸ್ಸಾದವರಿಗೆ ದಿನಕ್ಕೆ ನಾಲ್ಕು ಕೊಡ ಯಾರು ಹೊತ್ತು ಹಾಕುವುದೆಂದು ಮೊದಲೇ ಮಾತಾಡಿಕೊಳ್ಳಿ, ಅವರಾಗಿ ಕೇಳುವುದಿಲ್ಲ.

ನಮ್ಮವರು ಬಂದಾಗ ಕಂಬ ಹೊರಲು ಹೆಗಲು ಕೊಡಿ. ಜೀಪು ಬಾರದ ಕಡೆ ಸಿಮೆಂಟ್ ಕಂಬಕ್ಕೆ ಹತ್ತು ಹನ್ನೆರಡು ಜನರಾದರೂ ಬೇಕು. ಆದರೆ ಫ್ಯೂಸ್ ಹಾಕಲು, ತಂತಿ ಕಟ್ಟಲು ಕೈ ಹಾಕಬೇಡಿ. ಅವರು ಬೆಳಗ್ಗೆಯಿಂದ ಒದ್ದೆಯಲ್ಲೇ ಇರುತ್ತಾರೆ. ಬಿಸಿ ಗಂಜಿ, ಉಪ್ಪಿನಕಾಯಿ ಇಟ್ಟರೆ ಅದನ್ನು ಮರೆಯುವುದಿಲ್ಲ. ನಾನು ಉಂಡ ಮನೆಗಳೆಲ್ಲ ಇವತ್ತಿಗೂ ನೆನಪಿವೆ.

ಲೈನಿಗೆ ಮತ್ತೆ ಕರೆಂಟ್ ಬಿಡುವ ಮುಂಚೆ ಪಂಪು, ಫ್ರಿಜ್ಜು, ಮಿಕ್ಸಿ ಎಲ್ಲ ಆಫ್ ಮಾಡಿ, ಜಗಲಿಯ ಒಂದು ಬಲ್ಬ್ ಸ್ವಿಚ್ ಮಾತ್ರ ಹಾಕಿಡಿ. ಅದು ಕಣ್ಣು ಕುಕ್ಕುವಷ್ಟು ಪ್ರಕಾಶವಾಗಿ ಉರಿದರೆ, ಇಲ್ಲವೇ ಒಮ್ಮೆ ಜೋರು ಒಮ್ಮೆ ಮಂಕು ಆದರೆ ನ್ಯೂಟ್ರಲ್ (ಕರೆಂಟ್ ಹಿಂತಿರುಗುವ ತಂತಿ) ಕಡಿದಿರಬಹುದು. ತಕ್ಷಣ ಮೇನ್ ಸ್ವಿಚ್ ಆಫ್ ಮಾಡಿ ಲೈನ್‌ಮನ್ನಿಗೆ ಹೇಳಿ. ಸರಿಯಾಗಿದ್ದರೂ ಕಾಲು ಗಂಟೆ ಕಾದು ಒಂದೊಂದೇ ಹಾಕಿ. ಎಲ್ಲರೂ ಒಟ್ಟಿಗೇ ಪಂಪು ಹಾಕಿದರೆ ಫ್ಯೂಸು ಮತ್ತೆ ಹೋಗುತ್ತದೆ.

ನಿಮ್ಮ ಮನೆಯಲ್ಲಿ ದೀಪ ಬಂದ ಕೂಡಲೇ ಲೈನ್‌ಮನ್ನನ್ನು ಕಳಿಸಬೇಡಿ. ಅಂಗಳಕ್ಕೆ ಬಂದು ಲೈನಿನ ಕೊನೆಯ ಮನೆಗೆ ಕೂಗು ಹಾಕಿ, 'ಬಂತಾ?' ಎಂದು. ಆ ಕಡೆಯಿಂದ 'ಬಂತು' ಎಂದು ಕೇಳಿದ ಮೇಲೆ ಜೀಪು ಹೊರಡಲಿ.