1951ರ ಮಾಡೆಲ್ಲನ್ನೇ ಏಕೆ ಆರಿಸಿದೆ: ಹಳೆಯ ಷೆವರ್ಲೆ ಪಿಕಪ್‌ಗೆ ಬೆಲೆ ಕಟ್ಟಿದ ನನ್ನ ಅನುಭವ

ನಮ್ಮ ಕಡೆ ಯಾವುದೇ ಹಳೆಯ ಗಾಡಿಯ ಮಾತು ಬಂದರೆ ಮೊದಲು ಕೇಳುವ ಪ್ರಶ್ನೆ "ಎಷ್ಟನೇ ಮಾಡೆಲ್?" ಎಂಬುದು. ಬಳಕೆಯ ಕಾರಿನ ವ್ಯಾಪಾರದಲ್ಲಿ ಆ ಪ್ರಶ್ನೆಯ ಹಿಂದಿನ ಲೆಕ್ಕ ಸರಳ. ಒಂದು ವರ್ಷ ಹೊಸದಾದಷ್ಟೂ ಬೆಲೆ ಏರುತ್ತದೆ. ಎಪ್ಪತ್ತು ವರ್ಷ ದಾಟಿದ ಪಿಕಪ್ ಟ್ರಕ್ಕುಗಳಲ್ಲಿ ಈ ಏಣಿ ಇರುವುದಿಲ್ಲ. ಅಲ್ಲಿ ಪ್ರತಿ ವರ್ಷ ಕಾರ್ಖಾನೆಯವರು ಯಾವ ಭಾಗವನ್ನು ಬದಲಾಯಿಸಿದರು, ಆ ಬದಲಾವಣೆ ಇಂದು ಓಡಿಸುವವನಿಗೂ ದುರಸ್ತಿ ಮಾಡುವವನಿಗೂ ಏನು ಕೊಡುತ್ತದೆ ಎಂಬುದನ್ನು ಅನುಸರಿಸಿ ಬೆಲೆ ಏರಿಳಿಯುತ್ತದೆ. ಅಮೆರಿಕದ ಮಿಸೌರಿ ರಾಜ್ಯದಲ್ಲಿ ನೆಲೆಸಿರುವ ನಾನು ಷೆವರ್ಲೆಯ 'ಅಡ್ವಾನ್ಸ್ ಡಿಸೈನ್' ಸರಣಿಯ ಅರ್ಧ ಟನ್ ಹೊರೆಯ ವರ್ಗದ ಪಿಕಪ್, ಅಂದರೆ 3100 ಮಾದರಿಯ ಒಂದು ಟ್ರಕ್ಕನ್ನು ಹುಡುಕಿ ಕೊಂಡು ದುರಸ್ತಿ ಮಾಡಿದ್ದೇನೆ. ಆ ಹುಡುಕಾಟದಲ್ಲಿ ವರ್ಷಗಳನ್ನು ಹೇಗೆ ತೂಗಿ ನೋಡಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಸರಣಿ 1947ರ ಬೇಸಿಗೆಯಲ್ಲಿ ಬಂದು 1955ರ ಆರಂಭದವರೆಗೆ ನಡೆಯಿತು. ದೂರದಿಂದ ನೋಡಿದರೆ ಎಲ್ಲವೂ ಒಂದೇ ಅಚ್ಚಿನವು: ದುಂಡನೆಯ ಕ್ಯಾಬ್ (ಚಾಲಕ ಕೂರುವ ಕೋಣೆ), ಉಬ್ಬಿದ ಮಡ್‌ಗಾರ್ಡು, 1953ರವರೆಗಿನವುಗಳಿಗೆ ಅಡ್ಡಡ್ಡ ಐದು ಪಟ್ಟಿಗಳ ಗ್ರಿಲ್. ಹತ್ತಿರ ಹೋದಾಗ ವ್ಯತ್ಯಾಸಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. 1947ರ ಟ್ರಕ್ಕಿನಲ್ಲಿ ಮೂರು ಗೇರಿನ ಕಡ್ಡಿ ನೆಲದಿಂದ ಎದ್ದಿರುತ್ತದೆ, 1948ರಲ್ಲಿ ಅದು ಸ್ಟಿಯರಿಂಗ್ ಕಂಬಕ್ಕೆ ಏರಿತು. 1949ರಲ್ಲಿ ಪೆಟ್ರೋಲ್ ಟ್ಯಾಂಕು ಕ್ಯಾಬಿನ ಒಳಗೆ, ಸೀಟಿನ ಬೆನ್ನ ಹಿಂದೆ ಬಂದು ನಿಂತಿತು. 1950ರಲ್ಲಿ ಹಳೆಯ ಸನ್ನೆಕೋಲಿನ ಷಾಕ್ ಅಬ್ಸಾರ್ಬರ್ ಹೋಗಿ ಇಂದು ನಾವೆಲ್ಲ ಬಲ್ಲ ಕೊಳವೆಯಾಕಾರದ್ದು ಬಂದಿತು. ಮೊದಲ ವರ್ಷದ ಗಾಡಿ ಎಂಬ ಕಾರಣಕ್ಕೆ 1947ನ್ನೇ ಬಯಸುವ ಸಂಗ್ರಾಹಕರಿದ್ದಾರೆ, ಆ ಬಯಕೆಯನ್ನು ನಾನು ಗೌರವಿಸುತ್ತೇನೆ; ಆದರೆ ನನಗೆ ಬೇಕಾಗಿದ್ದುದು ವಾರಾಂತ್ಯದಲ್ಲಿ ಹಳ್ಳಿಗಾಡಿನ ರಸ್ತೆಗಳಲ್ಲಿ ನಿಜವಾಗಿ ಓಡಿಸಬಹುದಾದ ಟ್ರಕ್ಕು.

ಓಡಿಸುವ ದೃಷ್ಟಿಯಿಂದ ಈ ಸರಣಿಯ ದೊಡ್ಡ ಗೆರೆ 1950 ಮತ್ತು 1951ರ ನಡುವೆ ಇದೆ ಎಂಬುದು ನನ್ನ ಖಚಿತ ಅಭಿಪ್ರಾಯ. 1950ರವರೆಗಿನ ಅರ್ಧ ಟನ್ ಟ್ರಕ್ಕುಗಳಲ್ಲಿ 'ಹಕ್' ಎಂಬ ಬ್ರೇಕ್ ವ್ಯವಸ್ಥೆ ಇತ್ತು; 1951ರಲ್ಲಿ 'ಬೆಂಡಿಕ್ಸ್' ಬ್ರೇಕ್ ಬಂದಿತು. ಬೆಂಡಿಕ್ಸ್‌ನಲ್ಲಿ ಗಾಲಿಯೊಂದಿಗೆ ತಿರುಗುವ ಡ್ರಮ್ಮಿನ ತಿರುಗಾಟವೇ ಅದನ್ನು ಒಳಗಿನಿಂದ ಒತ್ತಿ ಹಿಡಿಯುವ ಬ್ರೇಕ್ ಷೂವನ್ನು ಇನ್ನಷ್ಟು ಬಲವಾಗಿ ಒತ್ತಿಸುವುದರಿಂದ ಕಾಲಿನ ಶ್ರಮ ಕಡಿಮೆಯಾಗುತ್ತದೆ, ನಿಲ್ಲುವ ಭರವಸೆ ಹೆಚ್ಚುತ್ತದೆ, ಮೇಲಾಗಿ ಬಿಡಿಭಾಗಗಳು ಸುಲಭವಾಗಿ ಸಿಗುತ್ತವೆ. ಹಕ್ ಬ್ರೇಕಿನ ಟ್ರಕ್ಕನ್ನು ಪರೀಕ್ಷಿಸುವಾಗ ನಾನು ಮೊದಲು ಡ್ರಮ್ಮುಗಳ ಸ್ಥಿತಿಯನ್ನು ನೋಡುತ್ತಿದ್ದೆ. ಅವು ಸವೆದಿದ್ದರೆ ಬದಲಿ ಹುಡುಕುವ ಖರ್ಚನ್ನೂ ಕಾಯುವ ಕಾಲವನ್ನೂ ಬೆಲೆಯಿಂದ ಕಳೆದೇ ಮಾತಿಗಿಳಿಯುತ್ತಿದ್ದೆ. ಅದೇ 1951ರಲ್ಲಿ ಬಾಗಿಲಿನ ಗಾಜಿಗೆ ತ್ರಿಕೋನಾಕಾರದ ತಿರುಗುವ ಗಾಳಿಕಿಂಡಿಯೂ ಬಂದಿತು. ಮಿಸೌರಿಯ ಜುಲೈ ಸೆಕೆಯಲ್ಲಿ, ಎಂಜಿನ್ನಿನ ಬಿಸಿ ಕಾಲಬುಡಕ್ಕೆ ಬಡಿಯುತ್ತಿರುವಾಗ, ಆ ಕಿಂಡಿಯ ಬೆಲೆ ತಿಳಿಯುತ್ತದೆ.

1952ರ ಹೊತ್ತಿಗೆ ಬಾಗಿಲಿನ ಹೊರ ಹಿಡಿಕೆ ಕೆಳಕ್ಕೆ ತಿರುಗಿಸುವುದರ ಬದಲು ಗುಂಡಿ ಒತ್ತುವಂಥದ್ದಾಯಿತು. ಕೊರಿಯಾ ಯುದ್ಧದಿಂದಾಗಿ ಲೋಹಗಳ ಅಭಾವವಿದ್ದ ಕಾಲವದು. ಡ್ಯಾಶ್‌ಬೋರ್ಡಿನ ಕ್ರೋಮ್ ಪಟ್ಟಿಗಳ ಜಾಗದಲ್ಲಿ ಬಣ್ಣ ಬಳಿದವು ಬಂದವು. ಇಂದು 1952ರ ಟ್ರಕ್ಕಿಗೆ ಹೊಳೆಯುವ ಕ್ರೋಮ್ ಪಟ್ಟಿ ಕೂರಿಸಿ 'ಪೂರ್ಣ ಮೂಲರೂಪ' ಎಂದು ಮಾರುವವರಿದ್ದಾರೆ. ಮೂಲರೂಪಕ್ಕೆಂದು ಹೆಚ್ಚು ಹಣ ಕೇಳುವಾಗ ಇಂಥ ವಿವರ ಹೊಂದಲೇಬೇಕು.

ಮುಂದಿನ ದೊಡ್ಡ ಗೆರೆ 1954. ನಡುವೆ ಕಂಬವಿದ್ದ ಎರಡು ತುಂಡಿನ ಮುಂಗಾಜು ಹೋಗಿ ಬಾಗಿದ ಒಂದೇ ಗಾಜು ಬಂದಿತು, ಐದು ಪಟ್ಟಿಗಳ ಗ್ರಿಲ್ ಹೋಗಿ ದಪ್ಪನೆಯ ಅಡ್ಡಪಟ್ಟಿಯ ಗ್ರಿಲ್ ಬಂದಿತು, ಡ್ಯಾಶ್‌ಬೋರ್ಡು, ಹಿಂದಿನ ದೀಪ, ಸರಕು ತುಂಬುವ ತೊಟ್ಟಿಯ ಅಂಚು ಎಲ್ಲವೂ ಬದಲಾದವು. ಕಣ್ಣಿಗೆ ಕಾಣದ ಬದಲಾವಣೆ ಇನ್ನೂ ಮುಖ್ಯವಾದದ್ದು. ಅಲ್ಲಿಯವರೆಗಿನ 216 ಘನ ಅಂಗುಲದ ಆರು ಸಿಲಿಂಡರ್ ಎಂಜಿನ್ನಿನಲ್ಲಿ ಕನೆಕ್ಟಿಂಗ್ ರಾಡ್‌ಗಳಿಗೆ ಎರಕ ಹೊಯ್ದ ಬ್ಯಾಬಿಟ್ (ಒಂದು ಮೆದು ಮಿಶ್ರಲೋಹ) ಬೇರಿಂಗುಗಳಿದ್ದವು, ಅವುಗಳಿಗೆ ಎಣ್ಣೆ ಚಿಮ್ಮಿ ತಲುಪುತ್ತಿತ್ತು. 1954ರ 235 ಎಂಜಿನ್ನಿನಲ್ಲಿ ಪಂಪಿನ ಒತ್ತಡದಿಂದಲೇ ಎಣ್ಣೆ ಹರಿಯುತ್ತದೆ. ಬ್ಯಾಬಿಟ್ ಎರಕ ಹೊಯ್ಯಬಲ್ಲ ಕುಶಲಿಗಳು ಈಗ ಬೆರಳೆಣಿಕೆಯಷ್ಟು. ಆದ್ದರಿಂದ 216 ಎಂಜಿನ್ನಿನ ತಳದಿಂದ ಬಡಿತದ ಸದ್ದು ಕೇಳಿದರೆ ಅದು ಬೆಲೆಯ ಪ್ರಶ್ನೆಯಾಗಿಬಿಡುತ್ತದೆ. ಹಿಂದಿನ ವರ್ಷಗಳ ಎಷ್ಟೋ ಟ್ರಕ್ಕುಗಳಿಗೆ ಈಗಾಗಲೇ 235 ಕೂರಿಸಿದ್ದಾರೆ. ಅದಕ್ಕೇ ಬಾನೆಟ್ ಎತ್ತಿ ಬ್ಲಾಕಿನ ಮೇಲಿನ ಎರಕದ ಸಂಖ್ಯೆಯನ್ನು ಓದದೆ ನಾನು ಯಾವ ಮಾತನ್ನೂ ನಂಬಲಿಲ್ಲ. ಓಡಿಸುವವನಿಗೆ ಆ ಬದಲಿ ಒಂದು ಲಾಭ, ಪ್ರದರ್ಶನಕ್ಕೆ ಒಯ್ಯುವವನಿಗೆ ಒಂದು ಕೊರತೆ.

ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವ ವರ್ಷ 1955. ಆ ವರ್ಷದ ಮಾರ್ಚ್‌ವರೆಗೆ ಹಳೆಯ ರೂಪದ 'ಮೊದಲ ಸರಣಿ' ಇತ್ತು. ನಂತರ ಬಂದ 'ಎರಡನೇ ಸರಣಿ', ಅಂದರೆ 'ಟಾಸ್ಕ್ ಫೋರ್ಸ್', ಸುತ್ತಿ ಬಾಗಿದ ಮುಂಗಾಜು, 12 ವೋಲ್ಟ್ ವಿದ್ಯುತ್ ವ್ಯವಸ್ಥೆ ಮತ್ತು ಬೇಕಾದವರಿಗೆ 265 ಘನ ಅಂಗುಲದ ವಿ8 ಎಂಜಿನ್ ಇರುವ ಪೂರ್ತಿ ಬೇರೆಯ ಟ್ರಕ್ಕು. ಫೈಬರ್‌ಗ್ಲಾಸ್ ಹೊದಿಕೆಯ ನುಣುಪು ತೊಟ್ಟಿಯ 'ಕ್ಯಾಮಿಯೋ ಕ್ಯಾರಿಯರ್' ಬಂದದ್ದೂ ಆಗಲೇ. ಅದರ ಮೊದಲ ವರ್ಷದ ದಂತವರ್ಣದ ಹೆಸರು 'ಬಾಂಬೆ ಐವರಿ' ಎಂದು ತಿಳಿದಾಗ ನನಗೆ ವಿಶೇಷ ಸಂತೋಷವಾಗಿತ್ತು. 1958ರವರೆಗೆ ತಯಾರಾದ ಕ್ಯಾಮಿಯೋಗಳು ಒಟ್ಟು ಸುಮಾರು 10 ಸಾವಿರ ಮಾತ್ರ, ಹಾಗಾಗಿ ಅವುಗಳ ಬೆಲೆ ಬೇರೆಯದೇ ಲೋಕದ್ದು. ಇತ್ತ ಮೊದಲ ಸರಣಿಯ 1955ಕ್ಕೂ ತನ್ನದೇ ಆದ ಒಂದು ಗುಣವಿದೆ: ಅದುವರೆಗೆ ಕೊಳವೆಯೊಳಗೆ ಮುಚ್ಚಿಟ್ಟಿದ್ದ, ಎಂಜಿನ್ನಿನ ಶಕ್ತಿಯನ್ನು ಹಿಂದಿನ ಗಾಲಿಗಳತ್ತ ಒಯ್ಯುವ ಡ್ರೈವ್ ಷಾಫ್ಟ್ ಅದರಲ್ಲಿ ತೆರೆದದ್ದಾಯಿತು. ಹಿಂದಿನ ಆಕ್ಸಲನ್ನು ಬದಲಿಸಿ ವೇಗ ಹೆಚ್ಚಿಸಿಕೊಳ್ಳಬೇಕೆನ್ನುವವರಿಗೆ ಇದು ಅರ್ಧ ಕೆಲಸ ಮುಗಿದಂತೆ. ಕಾಗದದಲ್ಲಿ ಎರಡೂ ಸರಣಿಗಳಿಗೆ '1955' ಎಂದೇ ಇರುವುದರಿಂದ ಬರಿಯ ವರ್ಷ ನೋಡಿ ಬೆಲೆಯ ಪಟ್ಟಿ ತೆರೆದರೆ ತಪ್ಪು ಸಾಲಿನಲ್ಲಿ ಬೆರಳಿಡುವ ಅಪಾಯವಿದೆ.

ಫೋರ್ಡ್ ಪಕ್ಷದವರಿಗೆ ಇಂಥದೇ ವರ್ಷ 1956. 1953ರಿಂದ 1956ರವರೆಗಿನ ಎಫ್-100 ಪಿಕಪ್‌ಗಳಲ್ಲಿ ಆ ಒಂದೇ ವರ್ಷ ನೆಟ್ಟಗಿನ ಕಂಬಗಳ ಸುತ್ತುಗಾಜು ಬಂದಿತು, ಆಯ್ಕೆಯಾಗಿ ಅಗಲವಾದ ಹಿಂಗಾಜೂ ದೊರೆಯುತ್ತಿತ್ತು. ಅಗಲ ಹಿಂಗಾಜಿನ 1956ಕ್ಕೆ ಇಂದಿಗೂ ಬೇಡಿಕೆ ಎದ್ದು ಕಾಣುತ್ತದೆ.

ನನ್ನ ಟ್ರಕ್ಕಿನ ಮಾಲೀಕತ್ವದ ಕಾಗದದಲ್ಲಿ 1952 ಎಂದಿತ್ತು. ಆದರೆ ಬಾಗಿಲಿನ ಹಿಡಿಕೆಗಳು ತಿರುಗಿಸುವಂಥವು. ಬಾಗಿಲುಗಳನ್ನೇ ಬೇರೆ ಗಾಡಿಯಿಂದ ತಂದಿರಬಹುದಾದ್ದರಿಂದ ಅಷ್ಟರಿಂದ ನಿರ್ಧರಿಸುವಂತಿರಲಿಲ್ಲ. ಚಾಲಕನ ಬದಿಯ ಬಾಗಿಲು ಕಂಬದ ತಗಡಿನಲ್ಲಿ 'ಜೆ ಪಿ' ಅಕ್ಷರಗಳೂ ಅವುಗಳ ಮುಂದೆ 'ಕೆ' ಅಕ್ಷರವೂ ಇದ್ದವು. ಜೆ ಎಂದರೆ 1951, ಪಿ ಎಂದರೆ ಅರ್ಧ ಟನ್, ಎ ಜನವರಿಯಾದರೆ ಕೆ ನವೆಂಬರ್. ವರ್ಷದ ಕೊನೆಗೆ ತಯಾರಾಗಿ ಮುಂದಿನ ವರ್ಷ ಮಾರಾಟವಾದ ಗಾಡಿಗೆ ಮಾರಾಟದ ವರ್ಷವನ್ನೇ ಬರೆದುಬಿಡುವುದು ಆ ಕಾಲದಲ್ಲಿ ಅಪರೂಪವಾಗಿರಲಿಲ್ಲ. ಈ ಅಕ್ಷರಗಳನ್ನು ಓದುವಾಗ ಎಚ್ಚರ ಬೇಕು: 'ಎಚ್ ಪಿ' ಎಂದರೆ 1950, 'ಎಚ್ 53' ಎಂದರೆ 1953, ಮೊದಲ ಅಕ್ಷರ ಒಂದೇ ಆದರೂ ಅರ್ಥ ಬೇರೆ. ತಗಡಿನ ರಿವೆಟ್ಟುಗಳು ಹಳೆಯವೇ, ಯಾರಾದರೂ ಕಿತ್ತು ಮತ್ತೆ ಕೂರಿಸಿದ್ದಾರೆಯೇ ಎಂಬುದನ್ನೂ ನೋಡಿಕೊಂಡೆ.

ವರ್ಷಕ್ಕಿಂತ ಹೆಚ್ಚು ತೂಗುವ ಒಂದು ಅಂಶವೂ ನನ್ನ ಲೆಕ್ಕದಲ್ಲಿತ್ತು. ಹಿಂದಿನ ಎರಡು ಮೂಲೆಗಳಲ್ಲೂ ಗಾಜಿರುವ 'ಐದು ಕಿಟಕಿ'ಯ ಕ್ಯಾಬ್ ಹೆಚ್ಚುವರಿ ಹಣಕ್ಕೆ ಸಿಗುತ್ತಿದ್ದ ಆಯ್ಕೆ. ಸಾಧಾರಣ ಸ್ಥಿತಿಯ ಐದು ಕಿಟಕಿಯ ಟ್ರಕ್ಕು ಅದಕ್ಕಿಂತ ಚೆನ್ನಾಗಿರುವ ಮೂರು ಕಿಟಕಿಯದನ್ನು ಬೆಲೆಯಲ್ಲಿ ಹಿಂದಿಕ್ಕುವುದನ್ನು ಕಂಡಿದ್ದೇನೆ. ಬೇರೆ ಕ್ಯಾಬಿನ ಮೂಲೆಗಳನ್ನು ಕತ್ತರಿಸಿ ಬೆಸೆಯುವವರೂ ಇರುವುದರಿಂದ ಒಳಗಿನ ಹೊದಿಕೆ ಸರಿಸಿ ಬೆಸುಗೆಯ ಗುರುತು ಹುಡುಕಬೇಕು. ನನ್ನದು ಮೂರು ಕಿಟಕಿಯದು. ಉಳಿದ ಹಣವನ್ನು ಕ್ಯಾಬಿನ ತಳಮೂಲೆಗಳ ತುಕ್ಕಿಗೂ ತೊಟ್ಟಿಯ ಹಲಗೆಗಳಿಗೂ ಹಾಕಿದೆ.

ಇದೆಲ್ಲವೂ ಮೂಲರೂಪದಲ್ಲಿ ಉಳಿದ ಟ್ರಕ್ಕುಗಳ ಮಾತು. ಚಾಸಿಯನ್ನೇ ಬದಲಿಸಿ, ಹೊಸ ವಿ8 ಎಂಜಿನ್ ಮತ್ತು ಡಿಸ್ಕ್ ಬ್ರೇಕ್ ಹಾಕಿದ ಗಾಡಿಯಲ್ಲಿ ಹಕ್, ಬೆಂಡಿಕ್ಸ್, 216, 235 ಎಂಬ ಭೇದಗಳೆಲ್ಲ ಅಳಿಸಿಹೋಗಿರುತ್ತವೆ. ಅಲ್ಲಿ ಉಳಿಯುವುದು ಕಣ್ಣಿಗೆ ಕಾಣುವ ವರ್ಷ ಮಾತ್ರ: ಗ್ರಿಲ್, ಮುಂಗಾಜು, ಕಿಟಕಿ. ಅಂಥ ಗಾಡಿಗೆ "ಇದು 51ರದ್ದು" ಎಂದು ಹೆಚ್ಚು ಹಣ ಕೇಳಿದರೆ ನಾನು ಕೊಡುವುದಿಲ್ಲ, ಕೆಲಸದ ಗುಣಮಟ್ಟಕ್ಕೆ ಮಾತ್ರ ಕೊಡುತ್ತೇನೆ.

ಕೊಂಡ ಮೇಲೆ ಕಾಗದದಲ್ಲಿ ವರ್ಷವನ್ನು 1951 ಎಂದು ತಿದ್ದಿಸಿ, ತಗಡಿನ ಮತ್ತು ಎಂಜಿನ್ ಸಂಖ್ಯೆಯ ಚಿತ್ರಗಳನ್ನಿಟ್ಟು, ಮುಂಚೆಯೇ ಒಪ್ಪಿದ ಮೌಲ್ಯದ ವಿಮೆ ಮಾಡಿಸಿದ್ದೇನೆ. ಈಗ ಕಣ್ಣಿಟ್ಟಿರುವುದು ಮೊದಲ ಸರಣಿಯ ಒಂದು 1955ರ ಮೇಲೆ. ಕ್ಯಾಬ್ ತುಕ್ಕಿಲ್ಲದ್ದಾಗಿ, 235 ಎಂಜಿನ್ ತನ್ನ ಮೂಲದ್ದೇ ಆಗಿದ್ದರೆ, 1951ಕ್ಕೆ ಕೊಟ್ಟದ್ದಕ್ಕಿಂತ ಹೆಚ್ಚು ಕೊಡಲು ಸಿದ್ಧನಿದ್ದೇನೆ.